ಹಳೆಯದನ್ನು ಕದಲಿಸದೆ ಹೊಸ ಪೋಸ್ಟ್‌ಗ್ರೆಸ್ ಪ್ಯಾಕೇಜ್ ಕಟ್ಟುವುದು ಹೇಗೆ?

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಬಹುಪಾಲು ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿ ಹಳೆಯದರ ಜಾಗದಲ್ಲೇ ಬಂದು ಕೂರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ವಿಷಯದಲ್ಲಿ ಇದು ನಡೆಯದು. ಆವೃತ್ತಿ 17 ಬರೆದಿಟ್ಟ ಡೇಟಾ ಫೋಲ್ಡರನ್ನು ಆವೃತ್ತಿ 18 ತೆರೆಯುವುದೇ ಇಲ್ಲ. ಅದನ್ನು ಹೊಸ ರೂಪಕ್ಕೆ ತರುವ ಪಿಜಿ_ಅಪ್‌ಗ್ರೇಡ್ ಎಂಬ ಸಾಧನಕ್ಕೆ ಎರಡೂ ಆವೃತ್ತಿಗಳ ಪ್ರೋಗ್ರಾಂಗಳು ಒಂದೇ ಯಂತ್ರದಲ್ಲಿ ಸಿಗಬೇಕು. ಹಾಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ 18ಕ್ಕೆ ಬೇರೆಯದೇ ಹೆಸರಿನ ಸೋರ್ಸ್ ಪ್ಯಾಕೇಜ್ (ಮೂಲ ಕೋಡ್ ಮತ್ತು ಅದನ್ನು ಕಟ್ಟುವ ಸೂಚನೆಗಳ ಕಂತೆ) ಬೇಕು.

ಸೊನ್ನೆಯಿಂದ ಶುರುಮಾಡಬೇಡಿ, ಆ ಸೂಚನೆಗಳಿರುವ 17ರ ‘ಡೆಬಿಯನ್’ ಫೋಲ್ಡರನ್ನು ನಕಲು ಮಾಡಿ. ಕಂಟ್ರೋಲ್, ವಾಚ್, ಇನ್‌ಸ್ಟಾಲ್ ಫೈಲ್‌ಗಳಲ್ಲಿ ಆವೃತ್ತಿ ಸಂಖ್ಯೆ ಬದಲಿಸಿ. ಪ್ರೋಗ್ರಾಂಗಳೆಲ್ಲ /ಯುಎಸ್‌ಆರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯುಎಲ್/18 ಒಳಗೇ ಇಳಿಯಬೇಕು. ಒಂದೇ ಒಂದು ಫೈಲ್ 17ರ ಜಾಗಕ್ಕೆ ಹೋದರೂ, ಅದು ಬೇರೆ ಪ್ಯಾಕೇಜಿಗೆ ಸೇರಿದ್ದೆಂದು ಡೆಬಿಯನ್‌ನ ಪ್ಯಾಕೇಜ್ ಸಾಧನ ಡಿಪಿಕೆಜಿ ಇನ್‌ಸ್ಟಾಲ್ ನಿಲ್ಲಿಸುತ್ತದೆ. ಮೂಲ ಕೋಡಿನಲ್ಲೇ ಸೇರಿಹೋಗಿರುವ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಕೈಬಿಡಿ, ಉಳಿದವನ್ನು ಪ್ಯಾಚ್ ನಿರ್ವಹಿಸುವ ಕ್ವಿಲ್ಟ್‌ನಿಂದ ಹೊಸ ಕೋಡಿಗೆ ಹೊಂದುವಂತೆ ರಿಫ್ರೆಶ್ ಮಾಡಿ.

ಬಿಲ್ಡ್‌ಗೆ ಬೇಕಾದ ಲೈಬ್ರರಿಗಳ ಪಟ್ಟಿಗೆ ಲಿಬ್‌ಯುರಿಂಗ್ ಸೇರಿಸಿ, ಬಿಲ್ಡ್ ಸಿದ್ಧಪಡಿಸುವ ಕಾನ್ಫಿಗರ್‌ಗೆ ಅದರ ಆಯ್ಕೆಯನ್ನೂ ಕೊಡಿ. ಮರೆತರೆ ಬಿಲ್ಡ್ ನಿಲ್ಲುವುದಿಲ್ಲ, ಅದೇ ತೊಂದರೆ. ಐಒ_ಯುರಿಂಗ್ (ಡಿಸ್ಕ್ ಓದು-ಬರಹಕ್ಕೆ ಕಾಯದೆ ಮುಂದುವರಿಯಲು ಬಿಡುವ ಲಿನಕ್ಸ್ ಸೌಲಭ್ಯ) ಬಳಸುವ ದಾರಿಯೇ ಇಲ್ಲದ ಸರ್ವರ್ ಸದ್ದಿಲ್ಲದೆ ತಯಾರಾಗುತ್ತದೆ. ಬೇರೆ ಪ್ರೋಗ್ರಾಂಗಳು ಪೋಸ್ಟ್‌ಗ್ರೆಸ್ ಜೊತೆ ಮಾತಾಡಲು ಬಳಸುವ ಲಿಬ್‌ಪಿಕ್ಯು5 ಲೈಬ್ರರಿ ಮಾತ್ರ ಇನ್ನು ಮುಂದೆ 18ರಿಂದ ಬರಬೇಕು, 17 ಅದನ್ನು ಕಟ್ಟುವುದನ್ನು ನಿಲ್ಲಿಸಬೇಕು. ಆ ಲೈಬ್ರರಿ ಒದಗಿಸುವ ಫಂಕ್ಷನ್‌ಗಳ ಪಟ್ಟಿಯಾದ ಸಿಂಬಲ್ಸ್ ಫೈಲ್‌ಗೆ ಹೊಸ ಹೆಸರು ಸೇರಿದರೆ ಸರಿ. ಹಳೆಯದೊಂದು ಕಾಣೆಯಾದರೆ ಅಲ್ಲೇ ನಿಲ್ಲಿ. ಅದನ್ನು ನೆಚ್ಚಿಕೊಂಡ ಪ್ರೋಗ್ರಾಂಗಳು ಮುರಿಯುತ್ತವೆ.

ಬಿಲ್ಡ್‌ಗೆ, ಪ್ರತ್ಯೇಕವಾದ ಶುದ್ಧ ಪರಿಸರದಲ್ಲಿ ಪ್ಯಾಕೇಜ್ ಕಟ್ಟುವ ಎಸ್‌ಬಿಲ್ಡ್ ಬಳಸಿ. ರೂಟ್ (ಯಂತ್ರದ ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಿದರೆ, ಡೇಟಾ ಫೋಲ್ಡರ್ ಸೃಷ್ಟಿಸುವ ಇನಿಟ್‌ಡಿಬಿ ಒಪ್ಪುವುದಿಲ್ಲ, ಪರೀಕ್ಷೆಗಳೆಲ್ಲ ಬಿದ್ದುಹೋಗುತ್ತವೆ.

ಇನ್ನು ನಿಜವಾದ ಪರೀಕ್ಷೆ: 17ರಲ್ಲಿ ಡೇಟಾ ತುಂಬಿಸಿ 18ಕ್ಕೆ ಸಾಗಿಸಿ ನೋಡುವುದು. 18ರ ಇನಿಟ್‌ಡಿಬಿ ಡೇಟಾ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಡೇಟಾ ಚೆಕ್‌ಸಮ್ ಅನ್ನು ತಾನಾಗಿಯೇ ಆನ್ ಮಾಡುತ್ತದೆ; 17ರಲ್ಲಿ ಕೇಳಿದರಷ್ಟೇ ಆನ್. ಎರಡೂ ಕಡೆ ಹೊಂದದಿದ್ದರೆ ಪಿಜಿ_ಅಪ್‌ಗ್ರೇಡ್ ತಪಾಸಣೆಯ ಹಂತದಲ್ಲೇ ನಿಲ್ಲುತ್ತದೆ. ಹೊಸ ಕ್ಲಸ್ಟರನ್ನು (ಡೇಟಾ ಫೋಲ್ಡರನ್ನು) ಚೆಕ್‌ಸಮ್ ಇಲ್ಲದೆ ಸೃಷ್ಟಿಸಬಹುದು. ಇಲ್ಲವೇ 17ನ್ನು ಸರಿಯಾಗಿ ನಿಲ್ಲಿಸಿ ಪಿಜಿ_ಚೆಕ್‌ಸಮ್ಸ್ ಓಡಿಸಿ ಅಲ್ಲೂ ಚೆಕ್‌ಸಮ್ ಆನ್ ಮಾಡಬೇಕು. ನಮ್ಮ ಮತ ಎರಡನೆಯದಕ್ಕೆ, ಆದರೆ ದೊಡ್ಡ ಡೇಟಾಬೇಸ್ ಆದರೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಪಿಜಿ_ಅಪ್‌ಗ್ರೇಡ್‌ನ ಲಿಂಕ್ ವಿಧಾನ (ಫೈಲ್ ನಕಲಿಸದೆ ಅವನ್ನೇ ಹಂಚಿಕೊಳ್ಳುವುದು) ಬಹಳ ವೇಗ ನಿಜ, ಆದರೆ 18 ಒಮ್ಮೆ ಶುರುವಾದ ಮೇಲೆ 17ನ್ನು ಮತ್ತೆ ಚಾಲೂ ಮಾಡುವಂತಿಲ್ಲ.

ಹೆಸರು ಹೊಸದಾದ್ದರಿಂದ ಪ್ಯಾಕೇಜ್ ಹೊಸ ಪ್ಯಾಕೇಜ್‌ಗಳನ್ನು ಡೆಬಿಯನ್ ಪರಿಶೀಲಿಸುವ ‘ನ್ಯೂ’ ಸಾಲಿನಲ್ಲಿ ಕಾಯುತ್ತದೆ. ಅಲ್ಲಿ ಲೈಸೆನ್ಸ್ ವಿವರವಿರುವ ಕಾಪಿರೈಟ್ ಫೈಲನ್ನು ಕೂಲಂಕಷವಾಗಿ ನೋಡುತ್ತಾರೆ. ಆ ಮೊದಲ ಅಪ್‌ಲೋಡ್‌ನಲ್ಲಿ ಕಟ್ಟಿ ಸಿದ್ಧವಾದ ಬೈನರಿಯೂ ಇರಬೇಕು. ಒಪ್ಪಿಗೆ ಸಿಕ್ಕ ಮೇಲೆ ಸೋರ್ಸ್ ಮಾತ್ರ ಮತ್ತೊಮ್ಮೆ ಕಳಿಸಿ, ಇಲ್ಲದಿದ್ದರೆ ಮುಂದಿನ ಬಿಡುಗಡೆ ಸಿದ್ಧವಾಗುವ ‘ಟೆಸ್ಟಿಂಗ್’ ವಿಭಾಗಕ್ಕೆ ದಾಟುವುದಿಲ್ಲ.

ಕೊನೆಗೆ, ಭೌಗೋಳಿಕ ಡೇಟಾಗಾಗಿರುವ ಪೋಸ್ಟ್‌ಜಿಐಎಸ್‌ನಂಥ ಎಕ್ಸ್‌ಟೆನ್ಶನ್‌ಗಳ ಸರದಿ. 17ಕ್ಕೆ ಕಟ್ಟಿದವನ್ನು 18 ಲೋಡ್ ಮಾಡುವುದಿಲ್ಲ. ಪ್ರತಿಯೊಂದರಲ್ಲೂ ಪಿಜಿ_ಬಿಲ್ಡ್‌ಎಕ್ಸ್‌ಟ್ ಎಂಬ ಸಾಧನದಿಂದ ಕಂಟ್ರೋಲ್ ಫೈಲ್ ನವೀಕರಿಸಿ, ಹೊಸದಾಗಿ ಬಿಲ್ಡ್ ಮಾಡಿ.