ಮಂಡಕ್ಕಿ ಭಟ್ಟಿಯ ಪೋರ್ಟ್‌ಫೋಲಿಯೊ: ನನ್ನ ಅನುಭವ

ಒಂದೇ ಜಾಗವನ್ನು, ಅಂದರೆ ನಮ್ಮೂರಿನ ಮಂಡಕ್ಕಿ ಹುರಿಯುವ ಭಟ್ಟಿಯನ್ನು ಕುರಿತ, ಹೆಚ್ಚುಕಡಿಮೆ ಕಪ್ಪು ಬಿಳುಪಿನ ಇಪ್ಪತ್ತರ ಆಸುಪಾಸಿನ ಹಾಳೆಗಳನ್ನು ಹೊತ್ತು ನಾನು ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಪ್ರವೇಶಕ್ಕೆಂದು ಬರೋಡಾಕ್ಕೆ ಹೊರಟಾಗ, ದಾವಣಗೆರೆಯ ನನ್ನ ಓರಗೆಯವರಲ್ಲಿ ಬಹಳ ಮಂದಿ ಅದನ್ನು ಹುಡುಗಾಟವೆಂದೇ ತಿಳಿದಿದ್ದರು. ಪೋರ್ಟ್‌ಫೋಲಿಯೊ, ಅಂದರೆ ಪ್ರವೇಶಕ್ಕೆ ತೋರಿಸುವ ಚಿತ್ರಗಳ ಕಟ್ಟು, ಎಂದರೆ ಎರಡು ಭಾವಚಿತ್ರ, ಎರಡು ನಿಸರ್ಗಚಿತ್ರ, ಒಂದು ಸ್ಥಿರಚಿತ್ರ, ಒಂದು ಅಮೂರ್ತ, ಜೊತೆಗೆ ಕಣ್ಣು ಕುಕ್ಕುವ ಒಂದೆರಡು ದೊಡ್ಡ ಕ್ಯಾನ್ವಾಸು ಎಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಲೆಕ್ಕ. ಸೀಟು ಸಿಕ್ಕ ಮೇಲೆ ಅದೇ ಗೆಳೆಯರು ಫೋನು ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಿರುವುದರಿಂದ ಇದನ್ನು ಬರೆದಿದ್ದೇನೆ. ಹಾಳೆ, ಪೆನ್ಸಿಲ್ಲು, ಬೋರ್ಡುಗಳ ವಿಚಾರ ನಿಮಗೆ ಗೊತ್ತಿರುವುದೇ ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ಹಿಂದಿನ ವರ್ಷ ನಾನೂ ಹಳೆಯ ಲೆಕ್ಕದಂತೆಯೇ ರಾಜ್ಯದ ಹೊರಗಿನ ಇನ್ನೊಂದು ಕಲಾಶಾಲೆಗೆ ಹೋಗಿದ್ದೆ. ಮೂರಡಿ ನಾಲ್ಕಡಿಯ ಕ್ಯಾನ್ವಾಸು ಒಂದಕ್ಕೆ ಚೌಕಟ್ಟು, ಬಟ್ಟೆ, ಪ್ರೈಮರ್, ಬಣ್ಣ ಎಲ್ಲ ಸೇರಿ ಸುಮಾರು 2,500 ರೂಪಾಯಿ ಬಿದ್ದಿತ್ತು. ಅಂತಹವು ಐದಾರು ಇದ್ದವು. ಪ್ಯಾಕಿಂಗ್, ಸಾಗಣೆ, ಅರ್ಜಿ, ವಸತಿ ಸೇರಿ 22-23 ಸಾವಿರ ಕೈಬಿಟ್ಟಿತು. ಇವುಗಳಲ್ಲಿ ನೋಡಿ ಬರೆದದ್ದು ಯಾವುದು, ಫೋಟೊದಿಂದ ಬರೆದದ್ದು ಯಾವುದು ಎಂದಷ್ಟೇ ಅಲ್ಲಿ ಕೇಳಿದರು. ಅರ್ಧಕ್ಕೂ ಹೆಚ್ಚು ಫೋಟೊದವೇ ಆಗಿದ್ದವು. ಸೀಟು ಸಿಗಲಿಲ್ಲ. ಸಾಲ ತೀರಿಸಲು ಮೂರು ನಾಲ್ಕು ತಿಂಗಳು ಮದುವೆ ಮಂಟಪಗಳಿಗೆ ಥರ್ಮಕೋಲ್ ಕೆತ್ತಿದೆ.

ಭಟ್ಟಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಪ್ರೀತಿಗಿಂತ ಹೆಚ್ಚಾಗಿ ಅನುಕೂಲ. ಅಲ್ಲಿ ಮಾಡೆಲ್‌ಗೆ ಹಣ ಕೊಡಬೇಕಾಗಿಲ್ಲ, ಬೆಳಗಾಗುವ ಮುಂಚೆಯೇ ಕೆಲಸ ಶುರುವಾಗಿರುತ್ತದೆ, ಬೆಳಕು ಒಲೆಯ ಬಾಯಿಯೊಂದರಿಂದಲೇ ಬರುತ್ತದೆ. ಮೊದಲ ವಾರ ಮಾಲೀಕರು ನನ್ನನ್ನು ಯಾವುದೋ ಇಲಾಖೆಯವನೆಂದು ಭಾವಿಸಿ, "ಏನಪ್ಪಾ, ಬರ್ಕೊಂಡು ಹೋಗಿ ಯಾರಿಗೆ ಕೊಡ್ತೀಯ?" ಎಂದು ವಿಚಾರಿಸಿದ್ದರು. ಅವರ ತಾಯಿಯವರ ಒಂದು ರೇಖಾಚಿತ್ರ ಬರೆದುಕೊಟ್ಟ ಮೇಲೆ ನನಗೊಂದು ಸ್ಟೂಲು ಬಂತು.

ತೊಡಕು ಎದುರಾದದ್ದು ಚಲನೆಯಲ್ಲಿ. ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುವವರು, ಜರಡಿ ಹಿಡಿಯುವವರು ಒಂದು ಗಳಿಗೆಯೂ ನಿಲ್ಲುವುದಿಲ್ಲ, ಮತ್ತು ಆರಂಭದ ಹಾಳೆಗಳಲ್ಲಿ ತೋಳುಗಳಿಗಿಂತ ಅಳಿಸಿದ ಗೆರೆಗಳೇ ಹೆಚ್ಚಾಗಿದ್ದವು. ಸ್ವಲ್ಪ ಕಾಲದ ನಂತರ ಹೊಳೆದದ್ದೇನೆಂದರೆ, ಅವರು ನಿಲ್ಲದಿದ್ದರೂ ಅವೇ ಭಂಗಿಗಳಿಗೆ ಮತ್ತೆ ಮತ್ತೆ ಮರಳಿ ಬರುತ್ತಾರೆ: ಸುರಿಯುವುದು, ಆಡಿಸುವುದು, ಎತ್ತುವುದು, ಜಾಲಿಸುವುದು, ಮತ್ತೆ ಸುರಿಯುವುದು. ಹಾಳೆಯ ಮೇಲೆ ಈ ನಾಲ್ಕು ಭಂಗಿಗಳನ್ನೂ ಒಟ್ಟಿಗೆ ಶುರುಮಾಡಿ, ಯಾವ ಭಂಗಿ ಮರಳಿತೋ ಆ ಚಿತ್ರಕ್ಕೆ ನಾಲ್ಕು ಗೆರೆ ಸೇರಿಸಿ, ಅದು ಹೋದೊಡನೆ ಮುಂದಿನದಕ್ಕೆ ಜಿಗಿದರೆ, ಅರ್ಧ ಗಂಟೆಯೊಳಗೆ ನಾಲ್ಕೂ ನಿಲ್ಲುತ್ತವೆ. ಮಾಡೆಲ್ ಕೂರಿಸಿಕೊಂಡು ಬರೆದ ನನ್ನ ಯಾವ ಚಿತ್ರದಲ್ಲೂ ಬೆನ್ನಿನ ಭಾರ ಇಷ್ಟು ಸರಿಯಾಗಿ ಬಂದಿಲ್ಲವೆಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಬೆಳಕಿಗಾಗಿ ಹಾಳೆಯನ್ನು ಪೂರ್ತಿ ಇದ್ದಿಲಿನಿಂದ ಕಪ್ಪು ಮಾಡಿ, ಬೆಳಕಿರುವ ಭಾಗವನ್ನಷ್ಟೇ ಒರೆಸಿ ತೆಗೆಯುವ ಕ್ರಮ ಹಿಡಿದೆ. ನೀಡಬಲ್ ಇರೇಸರ್ (ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರು) ತೀರಿಹೋದ ದಿನ ಬೇಕರಿಯ ಬ್ರೆಡ್ಡಿನ ತಿರುಳು ಚೆನ್ನಾಗಿಯೇ ಕೆಲಸ ಮಾಡಿತು. ಯಾರೋ ತಮಾಷೆ ಮಾಡಿದರೆಂದು ಮಂಡಕ್ಕಿಯನ್ನೂ ಉಜ್ಜಿ ನೋಡಿದೆ. ಅದು ಹಾಳೆಯನ್ನು ಗೀರಿತು, ಉಪ್ಪಿನ ಪುಡಿಯನ್ನೂ ಬಿಟ್ಟಿತು.

ಇದ್ದಿಲು ಹಿಡಿದು ನಿಲ್ಲಿಸುವ ಫಿಕ್ಸೆಟಿವ್ ಡಬ್ಬಿಗೆ ಆರುನೂರರ ಮೇಲೆ ಬೆಲೆಯಿತ್ತು. ಹೇರ್ ಸ್ಪ್ರೇ ಬಳಸಿದವುಗಳಲ್ಲಿ ಕೆಲವು ಬೇಸಿಗೆ ಮುಗಿಯುವಷ್ಟರಲ್ಲಿ ಹಳದಿಗಟ್ಟಿದವು. ವ್ಯಾನ್ ಗೋ ತನ್ನ ರೇಖಾಚಿತ್ರಗಳ ಮೇಲೆ ಹಾಲು ಹಾಕುತ್ತಿದ್ದನೆಂದು ಓದಿ, ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ ಸಿಂಪಡಿಸಿದೆ. ಹಿಡಿತ ಚೆನ್ನಾಗಿಯೇ ಇತ್ತು, ಆದರೆ ಮರುದಿನ ಅಟ್ಟದ ಮೇಲಿಟ್ಟ ಹಾಳೆಗಳಿಗೆಲ್ಲ ಇರುವೆ ಮುತ್ತಿತ್ತು. ಕೊನೆಗೆ ಡಬ್ಬಿಯನ್ನೇ ಕೊಂಡು, ಆಯ್ಕೆಯಾಗುವುದು ಖಚಿತವೆನಿಸಿದ ಹಾಳೆಗಳಿಗಷ್ಟೇ ಹೊಡೆದು, ಉಳಿದವುಗಳ ನಡುವೆ ಬಟರ್ ಪೇಪರ್ ಹಾಕಿದೆ.

ಭಟ್ಟಿಯ ಮಸಿಯಿಂದಲೇ ಶಾಯಿ ಮಾಡುವ ಹುಚ್ಚೂ ಹಿಡಿದಿತ್ತು. ಮಸಿಯಲ್ಲಿ ಜಿಡ್ಡು ಇರುವುದರಿಂದ ಅದು ನೀರಿನ ಮೇಲೆ ತೇಲುತ್ತದೆ. ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ನೆನೆಸಿ ಅರೆದರೆ ಮಾತ್ರ ಅಂಟಿನ ನೀರಿನೊಡನೆ ಕೂಡುತ್ತದೆ. ಗ್ರಂಥಿಗೆ ಅಂಗಡಿಯ ಗೋಂದು ಹೆಚ್ಚಾದರೆ ಗೆರೆ ಬಿರುಕು ಬಿಡುತ್ತದೆ, ಕಡಿಮೆಯಾದರೆ ಒಣಗಿದ ಮೇಲೆ ಬೆರಳಿಗೆ ಉದುರುತ್ತದೆ, ಪ್ರಮಾಣ ಸರಿಯಾದರೆ ವಾರದೊಳಗೆ ಬೂಸ್ಟು ಬರುತ್ತದೆ. ಬೂಸ್ಟಿಗೆ ಲವಂಗದ ಎಣ್ಣೆ ಎರಡು ಹನಿ ಸಾಕು. ಇದಲ್ಲದೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಆ ಕಂದು ಛಾಯೆ ಅದರಿಂದಲೇ ಬರುತ್ತದೆ. ಅದರ ಹೆಸರನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ ಭಟ್ಟಿಯ ಚಿತ್ರಗಳು ಒಂದರಂತೆ ಒಂದು ಕಾಣತೊಡಗಿದಾಗ ಕೆಲವು ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ. ದಾವಣಗೆರೆಯಿಂದ 60 ಕಿಲೋಮೀಟರಿನಷ್ಟು ದಾರಿ. ಓಬವ್ವನ ಕಿಂಡಿಯ ಬಳಿ ಪ್ರವಾಸಿಗರ ನೂಕುನುಗ್ಗಲಿನಲ್ಲಿ ಕೂರುವಂತಿರಲಿಲ್ಲವಾದ್ದರಿಂದ ಮೇಲೆ ಏಕನಾಥೇಶ್ವರಿ ಗುಡಿಯ ಕಡೆಗೆ ಹೋಗಿ, ಬಂಡೆಗಳನ್ನು ಬರೆಯದೆ ಬಂಡೆಗಳ ನಡುವಿನ ಸಂದುಗಳನ್ನಷ್ಟೇ ಕಪ್ಪಿನಲ್ಲಿ ತುಂಬಿದೆ. ಹತ್ತು ಗಂಟೆಯ ನಂತರ ಬೆಳಕು ಸಪ್ಪೆಯಾಗುತ್ತದೆ, ಆಮೇಲೆ ಹೋದವರಿಗೆ ಕೈಗೆ ಏನೂ ಹತ್ತದು. ಆ ಹಾಳೆಗಳಲ್ಲಿ ಒಂದೂ ಪೋರ್ಟ್‌ಫೋಲಿಯೊಗೆ ಸೇರಲಿಲ್ಲ. ಆದರೆ ಭಟ್ಟಿಗೆ ಮರಳಿ ಇಬ್ಬರು ಕೆಲಸಗಾರರ ನಡುವಿನ ಸಂದನ್ನು ಮೊದಲು ಬರೆಯಲು ಶುರುಮಾಡಿದ ಮೇಲೆ ಸಂಯೋಜನೆಯ ಗೋಜಲು ಬಹುಮಟ್ಟಿಗೆ ಬಿಟ್ಟಿತು, ಮತ್ತು ನನ್ನ ಮಟ್ಟಿಗೆ ಇಡೀ ವರ್ಷದ ಒಳ್ಳೆಯ ಹೂಡಿಕೆ ಆ ಬಸ್ ಚಾರ್ಜೇ.

ವರ್ಷದ ಕೊನೆಗೆ ಸಣ್ಣದು ದೊಡ್ಡದು ಸೇರಿ ಇನ್ನೂರಕ್ಕೂ ಹೆಚ್ಚು ಹಾಳೆಗಳಿದ್ದವು. ಆಯ್ಕೆಯನ್ನು ಗೆಳೆಯರಿಗೆ ಒಪ್ಪಿಸಲಿಲ್ಲ. ಅವರು ಮುಗಿಸಿದಂತೆ ಕಾಣುವುದನ್ನೇ ಆರಿಸುತ್ತಾರೆ. ನೆಲದ ಮೇಲೆ ಹರಡಿ, ಪಕ್ಕದ ಹಾಳೆ ಈಗಾಗಲೇ ಹೇಳಿದ್ದನ್ನೇ ಹೇಳುವ ಹಾಳೆಯನ್ನು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿದೆ. ಎರಡು ಸ್ಕೆಚ್‌ಬುಕ್‌ಗಳನ್ನು, ಚಹಾದ ಕಲೆಗಳ ಸಮೇತ, ಹಾಗೆಯೇ ಇಟ್ಟೆ. ಹಾಳೆಗಳ ಅನುಕ್ರಮದ ಬಗ್ಗೆ ಇಷ್ಟು ಮಾತ್ರ ಹೇಳಬಲ್ಲೆ: ಅತ್ಯುತ್ತಮವಾದುದನ್ನು ಮೊದಲು ಇಡಬೇಡಿ. ಎಲ್ಲಿ ಇಟ್ಟೆನೆಂಬುದನ್ನು ಮುಂದಿನ ವರ್ಷ ಅರ್ಜಿ ಹಾಕಲಿರುವ ತಂಗಿಯೊಬ್ಬಳಿಗೆ ಹೇಳಿದ್ದೇನೆ, ಅವಳದು ಮುಗಿಯಲಿ.

ಫೋಟೊ ತೆಗೆಯಲು ಸ್ಟುಡಿಯೊದವರು ಹಾಳೆಗೆ ಐವತ್ತು ಕೇಳಿದರು. ಮಹಡಿಯ ನೆರಳಿನ ಗೋಡೆಗೆ ಹಾಳೆ ಅಂಟಿಸಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಹಾಳೆಯ ನಡುಮಟ್ಟಕ್ಕೆ ನೇರ ಹಿಡಿದು, ಹತ್ತಿರ ಹೋಗದೆ ಹಿಂದೆ ಸರಿದು ಜೂಮ್ ಮಾಡಿದರೆ ಅಂಚುಗಳು ಬಾಗುವುದಿಲ್ಲ. ಪಕ್ಕದಲ್ಲೊಂದು ಬಿಳಿ ಹಾಳೆ ಇದ್ದರೆ ಬಣ್ಣ ಸರಿಪಡಿಸುವುದು ಸುಲಭ.

ಈ ಬಾರಿ ಸಾಮಗ್ರಿ, ಬಸ್ಸು, ಪ್ರಿಂಟು ಸೇರಿ ಖರ್ಚು ಆರು ಸಾವಿರದ ಒಳಗೇ ಮುಗಿಯಿತು; ರೈಲಿನ ಚಾರ್ಜು ಬೇರೆ. ಅದರಲ್ಲಿ ಚೀಲವೂ ಸೇರಿದೆ. ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚಿದ್ದ ಫೋಲಿಯೊ ಚೀಲವನ್ನು ಮಂಡಿಪೇಟೆಯಲ್ಲಿ ಬ್ಯಾಗು ಹೊಲಿಯುವವರೊಬ್ಬರು ನಾನೂರೈವತ್ತಕ್ಕೆ ರೆಕ್ಸಿನ್‌ನಲ್ಲಿ ಹೊಲಿದುಕೊಟ್ಟರು: ಇಂಪೀರಿಯಲ್ ಹಾಳೆ 22×30 ಇಂಚು ಇರುವುದರಿಂದ ಒಳಗಿನ ಅಳತೆ 24×32, ಮೂರು ಬದಿ ಜಿಪ್ಪು, ಮಳೆಗೆಂದು ಒಳಗೆ ತಾಡಪಾಲಿನ ಅಸ್ತರಿ, ಹೆಗಲಿಗೆ ಅಗಲವಾದ ಪಟ್ಟಿ. ಹಿಡಿಕೆಯನ್ನು ಮಾತ್ರ ಎರಡು ಸಲ ಹೊಲಿಸಿಕೊಳ್ಳಿ; ರೈಲಿನ ಮೇಲಿನ ಬರ್ತಿಗೆ ಎತ್ತುವಾಗ ನನ್ನದು ಹುಬ್ಬಳ್ಳಿ ದಾಟುವ ಮೊದಲೇ ಕಿತ್ತುಬಂತು.