ಶಿರಸಿಯ 118, ಕಾರವಾರದ 171

ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಡುವ, ‘ಬ್ಲಾಕ್’ ಅನ್ನುವ ಪುಟಗಳನ್ನು ಸರಪಳಿಯಂತೆ ಪೋಣಿಸಿದ ಲೆಕ್ಕದ ಪುಸ್ತಕ) ಬಗ್ಗೆ ಓದಿ ಓದಿ ಸಾಕಾಗಿ, ಹೋದ ಮಳೆಗಾಲದಲ್ಲಿ ಪೈಥಾನ್‌ನಲ್ಲಿ ಪುಟ್ಟದೊಂದನ್ನು ನಾನೇ ಬರೆದೆ. ಶಿರಸಿಯ ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್, ಕಾರವಾರದ ಕೋಡಿಬಾಗದಲ್ಲಿ ಭಾವನ ಮನೆಯಲ್ಲಿ ಒಂದು ಮುದಿ ಲ್ಯಾಪ್‌ಟಾಪ್. ಇಸ್ಪೀಟಿನ ಸಾಲದ ಲೆಕ್ಕ ಅದರಲ್ಲಿಡೋಣ ಅಂತ ಮಾತಾಯಿತು.

ಕಂಪ್ಯೂಟರ್‌ಗಳು ಬೇರೆ ಬೇರೆ ಬ್ಲಾಕ್ ಸೇರಿಸಿ ಎರಡು ಚೈನು ಎದುರಾದರೆ ಯಾವುದನ್ನು ನಂಬಬೇಕು? ಉದ್ದದ್ದನ್ನು. ಬಿಟ್‌ಕಾಯಿನ್ ಅನ್ನುವ ಡಿಜಿಟಲ್ ಹಣ ಹುಟ್ಟುಹಾಕಿದ ಸತೋಶಿ ನಾಕಾಮೊಟೊ 2008ರ ಪ್ರಬಂಧದಲ್ಲಿ ಬರೆದದ್ದೂ ಹಾಗೇ. ನಾನು ಬ್ಲಾಕ್ ಎಣಿಸುವ ಒಂದು ಸಾಲು ಕೋಡ್ ಹಾಕಿ ಕೈತೊಳೆದುಕೊಂಡೆ. ಒಂದು ಬ್ಲಾಕ್ ಮಾಡಲು ಕಂಪ್ಯೂಟರ್ ‘ಹ್ಯಾಶ್’ ಅನ್ನುವ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ, ಮೊದಲಲ್ಲಿ ಇಂತಿಷ್ಟು ಸೊನ್ನೆ ಬಿಟ್ ಇರುವ ಉತ್ತರ ಹುಡುಕಬೇಕು; ಆ ಸೊನ್ನೆಗಳೆಷ್ಟು ಅನ್ನುವುದೇ ಕಷ್ಟದ ಮಟ್ಟ. ಜೊತೆಗೊಂದು ಅತಿಜಾಣತನ ಬೇರೆ: ಹತ್ತು ನಿಮಿಷ ಬ್ಲಾಕ್ ಬರದಿದ್ದರೆ ಕಷ್ಟದ ಮಟ್ಟ 25 ಬಿಟ್‌ನಿಂದ 21ಕ್ಕೆ ಇಳಿದು ಅಲ್ಲೇ ನಿಲ್ಲಲಿ. ಬಿಟ್‌ಕಾಯಿನ್‌ನ ಟೆಸ್ಟ್‌ನೆಟ್‌ನಲ್ಲಿ (ಪರೀಕ್ಷೆಗೆಂದೇ ಇಟ್ಟ ಜಾಲ) 20 ನಿಮಿಷದ ಇಂಥದ್ದೊಂದು ನಿಯಮವಿದೆ, ಅಲ್ಲಿಂದ ಕದ್ದದ್ದು.

ಒಂದು ಸಂಜೆ ಮರ ಬಿದ್ದು ನಮ್ಮ ಇಂಟರ್ನೆಟ್ ಹೋಯಿತು. ಪುಣ್ಯಕ್ಕೆ ಕರೆಂಟ್ ಇತ್ತು. ಎರಡೂ ಊರಲ್ಲಿ ಮೈನಿಂಗ್ (ಹೊಸ ಬ್ಲಾಕ್ ಹುಡುಕುವ ಕೆಲಸ) ತಮ್ಮ ಪಾಡಿಗೆ ನಡೆದಿತ್ತು. ಎರಡು ತಾಸು ಬಿಟ್ಟು ಲೈನ್ ಬಂತು, ಬಂದ ಕೂಡಲೇ ಸ್ಕ್ರೀನ್ ಮೇಲೆ ‘ರಿಆರ್ಗ್, ಆಳ 118’. ರಿಆರ್ಗ್ ಅಂದರೆ ಒಂದು ಚೈನಿನ ಬ್ಲಾಕ್ ಕಿತ್ತು ಗೆದ್ದ ಚೈನಿನವನ್ನು ಹಾಕುವುದು. ನಮ್ಮ 118 ಬ್ಲಾಕ್ ಅಷ್ಟೂ ಮಾಯ! ಆ ಜಾಗದಲ್ಲಿ ಕಾರವಾರದ 171 ಬ್ಲಾಕ್ ಬಂದು ಕೂತಿದ್ದವು. ಆ ಮುದಿ ಲ್ಯಾಪ್‌ಟಾಪ್‌ಗೆ ಇಷ್ಟು ಕಸುವು ಎಲ್ಲಿಂದ ಬಂತು?

ಲೆಕ್ಕ ಹಾಕಿದಾಗ ನಗು ಬಂತು. 25 ಬಿಟ್ ಅಂದರೆ ಒಂದು ಬ್ಲಾಕ್‌ಗೆ ಸರಾಸರಿ 3.36 ಕೋಟಿ ಹ್ಯಾಶ್. 21 ಬಿಟ್‌ಗೆ ಬರೀ 21 ಲಕ್ಷ. ಭಾವನ ಲ್ಯಾಪ್‌ಟಾಪ್‌ಗೆ ಹತ್ತು ನಿಮಿಷದಲ್ಲಿ ಬ್ಲಾಕ್ ಸಿಗದೆ ಅಲ್ಲಿ ಮಟ್ಟ 21ಕ್ಕೆ ಇಳಿದಿತ್ತು; ನಮ್ಮದು 25ರಲ್ಲೇ ಇತ್ತು. ನಾವು ಮಾಡಿದ ಕೆಲಸ ಹತ್ತಿರ ಹತ್ತಿರ 396 ಕೋಟಿ ಹ್ಯಾಶ್, ಅವನದು 36 ಕೋಟಿ. ಆದರೂ ಗೆದ್ದವನು ಅವನು. ಅಡಿಕೆ ಮಂಡಿಯಲ್ಲಿ ಯಾರಾದರೂ ತೂಕ ಬಿಟ್ಟು ಚೀಲ ಎಣಿಸಿ ದುಡ್ಡು ಕೊಡ್ತಾರಾ? ನಾನು ಮಾಡಿದ್ದು ಅದನ್ನೇ.

ಬಿಟ್‌ಕಾಯಿನ್ ಕೂಡ ಮೊದಮೊದಲು ಎತ್ತರವನ್ನೇ, ಅಂದರೆ ಬ್ಲಾಕ್ ಎಷ್ಟು ಅನ್ನುವುದನ್ನೇ, ನೋಡುತ್ತಿತ್ತು. 2010ರಲ್ಲಿ ಒಟ್ಟು ಕೆಲಸ ನೋಡುವ ಹಾಗೆ ಬದಲಾಯಿತು. ‘ಉದ್ದದ ಚೈನು’ ಅನ್ನುವುದು ಈಗ ಬರೀ ಬಾಯಿಮಾತು. ನಾನೂ ಪ್ರತಿ ಬ್ಲಾಕ್‌ನ ಕೆಲಸ ಕೂಡಿಸುತ್ತಾ ಹೋಗುವಂತೆ ಬದಲಾಯಿಸಿ, ಎರಡೂ ಚೈನನ್ನು ಮತ್ತೆ ಎದುರುಬದುರು ಬಿಟ್ಟೆ. ಈ ಸಲ ಶಿರಸಿಯದು ಅಲುಗಾಡಲಿಲ್ಲ. ಆದರೆ ಭಾವ ಆ ಸಂಜೆ ಬರೆದ ಸಾಲದ ಲೆಕ್ಕವೆಲ್ಲ ಹೋಯಿತು! ಸೋತ ಬ್ಲಾಕ್‌ನೊಳಗಿನ ವಹಿವಾಟನ್ನು ವಾಪಸ್ ಮೆಂಪೂಲ್‌ಗೆ (ಬ್ಲಾಕ್ ಸೇರಲು ಕಾಯುವ ವಹಿವಾಟುಗಳ ಸಾಲು) ಹಾಕುವುದನ್ನು ನಾನು ಮರೆತಿದ್ದೆ. ಅದನ್ನು ಸರಿಮಾಡಲು ಎರಡು ದಿನ ಹಿಡಿಯಿತು.

“ಹಾಗಾದರೆ ಲೆಕ್ಕ ಯಾವಾಗ ಗಟ್ಟಿ?” ಅಂತ ಭಾವ ಕೇಳಿದ. ಸತೋಶಿಯ ಲೆಕ್ಕ ತೋರಿಸಿದೆ. ಮೋಸಗಾರನ ಕೈಯಲ್ಲಿ ಒಟ್ಟು ಹ್ಯಾಶ್ ಶಕ್ತಿಯ 10% ಇದ್ದರೆ, ನಮ್ಮ ಲೆಕ್ಕದ ಮೇಲೆ 6 ಬ್ಲಾಕ್ ಬರುವ ತನಕ ಕಾದ ಮೇಲೆ ಅವನ ಚೈನು ಗೆದ್ದು ಅದನ್ನು ಅಳಿಸುವ ಸಾಧ್ಯತೆ 0.024%. ಅದೇ 30% ಇದ್ದರೆ 10 ಬ್ಲಾಕ್ ಕಾದರೂ 4%ಕ್ಕಿಂತ ಜಾಸ್ತಿ. ಅರ್ಧಕ್ಕಿಂತ ಹೆಚ್ಚಿದ್ದರೆ ಎಷ್ಟು ಕಾದರೂ ಸುಮ್ನೆ.

ನನ್ನ ಹೊಸ ಲ್ಯಾಪ್‌ಟಾಪ್ ಒಂದೇ ಮೂರರ ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹ್ಯಾಶ್ ಮಾಡುತ್ತದೆ. ಇದನ್ನು ಭಾವನಿಗೆ ಇನ್ನೂ ಹೇಳಿಲ್ಲ.