ಭದ್ರತಾ ಸಾಧನಕ್ಕೆ ಕ್ಲೌಡ್ ಸಂಗ್ರಹದ ಕೀಲಿ ಕೊಡುವುದು ಹೇಗೆ?

ಕ್ಲೌಡ್‌ನಲ್ಲಿರುವ ಕಡತಗಳಲ್ಲಿ ವೈರಸ್ ಸೇರಿದೆಯೇ, ಗೋಪ್ಯ ಮಾಹಿತಿ ಎಲ್ಲರ ಕಣ್ಣಿಗೂ ಬೀಳುವಂತಿದೆಯೇ ಎಂದು ಪರಿಶೀಲಿಸುವ ಭದ್ರತಾ ಸಾಧನವು ಸಾಮಾನ್ಯವಾಗಿ ಮೊದಲು ಕೇಳುವುದು ಖಾತೆಯೊಳಕ್ಕೆ ಬರಲು ಒಂದು ಗುರುತು ಮತ್ತು ಒಂದು ರಹಸ್ಯ ಕೀಲಿ. ಆ ಕೀಲಿ ಬೇರೆಯವರ ಕೈಸೇರಿದರೆ ಕಾವಲಿಗೆಂದು ತಂದ ಸಾಧನದ ಹೆಸರಿನಲ್ಲೇ ಕಳ್ಳ ಒಳಬರಬಹುದಾದ್ದರಿಂದ, ಈ ಜೋಡಣೆಯನ್ನು ಅವಸರದಲ್ಲಿ ಮುಗಿಸಬಾರದು.

ಮೊದಲು, ಸಾಧನಕ್ಕೆಂದೇ ಪ್ರತ್ಯೇಕ ಗುರುತನ್ನು ಸೃಷ್ಟಿಸಿ. ನಿರ್ವಾಹಕರ ಕೀಲಿಯನ್ನೇ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಮುಂದೆ ಯಾವ ಕೆಲಸವನ್ನು ಮನುಷ್ಯ ಮಾಡಿದ, ಯಾವುದನ್ನು ಸಾಧನ ಮಾಡಿತು ಎಂದು ದಾಖಲೆಗಳಲ್ಲಿ ಬೇರ್ಪಡಿಸಿ ನೋಡಲು ಸಾಧ್ಯವಾಗುವುದಿಲ್ಲ.

ಬೇಕಾಗುವ ವಿವರಗಳು ಸೇವೆಯಿಂದ ಸೇವೆಗೆ ಬೇರೆಯಾಗುತ್ತವೆ. ಅಮೆಜಾನ್‌ನ ಕ್ಲೌಡ್ ಸೇವೆಯಲ್ಲಿ 20 ಅಕ್ಷರಗಳ ಅಕ್ಸೆಸ್ ಕೀ ಐಡಿ ಮತ್ತು 40 ಅಕ್ಷರಗಳ ಸೀಕ್ರೆಟ್ ಕೀ; ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಸಂಸ್ಥೆಯನ್ನು ಗುರುತಿಸುವ ಟೆನೆಂಟ್ ಐಡಿ, ಸಾಧನವನ್ನು ಗುರುತಿಸುವ ಕ್ಲೈಂಟ್ ಐಡಿ ಮತ್ತು ಅದರ ರಹಸ್ಯ ಕೀಲಿಯಾದ ಕ್ಲೈಂಟ್ ಸೀಕ್ರೆಟ್; ಗೂಗಲ್ ಕ್ಲೌಡ್‌ನಲ್ಲಿ ಸರ್ವಿಸ್ ಅಕೌಂಟ್‌ನ (ಮನುಷ್ಯರಿಗಲ್ಲದೆ ಪ್ರೋಗ್ರಾಮ್‌ಗಳಿಗೆಂದೇ ಇರುವ ಖಾತೆಯ) ಕೀಲಿಯಿರುವ ಜೆಸಾನ್ ಕಡತ. ಮೂರರಲ್ಲಿಯೂ ರಹಸ್ಯ ಭಾಗವು ಸೃಷ್ಟಿಯಾದಾಗ ಒಮ್ಮೆ ಮಾತ್ರ ಸಿಗುತ್ತದೆ. ಕಳೆದುಕೊಂಡರೆ ಹೊಸದನ್ನು ಸೃಷ್ಟಿಸಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ಅನುಮತಿಯ ಹಂತದಲ್ಲಿ. ಅಮೆಜಾನ್‌ನ ಕಡತ ಸಂಗ್ರಹ ಸೇವೆಯಾದ ಎಸ್3ರಲ್ಲಿ ಕಡತಗಳ ಪಟ್ಟಿ ನೋಡುವ ‘ಲಿಸ್ಟ್‌ಬಕೆಟ್’ ಅನುಮತಿಯನ್ನು ಬಕೆಟ್‌ನ (ಕಡತಗಳನ್ನಿಡುವ ಸಂಗ್ರಹದ) ವಿಳಾಸಕ್ಕೆ ಕೊಡಬೇಕು. ಕಡತವನ್ನು ಓದುವ ‘ಗೆಟ್‌ಆಬ್ಜೆಕ್ಟ್’ ಅನುಮತಿಯನ್ನು ಅದೇ ವಿಳಾಸದ ಕೊನೆಗೆ ಓರೆಗೆರೆ ಮತ್ತು ನಕ್ಷತ್ರ ಚಿಹ್ನೆ (/*) ಸೇರಿಸಿ ಕೊಡಬೇಕು. ಎರಡಕ್ಕೂ ಒಂದೇ ವಿಳಾಸ ಬರೆದರೆ ಪಟ್ಟಿ ಕಂಡರೂ ಕಡತ ತೆರೆಯುವುದಿಲ್ಲ, ಅಥವಾ ಕಡತ ತೆರೆದರೂ ಪಟ್ಟಿ ಕಾಣುವುದಿಲ್ಲ. ಕಡತಗಳನ್ನು ಕೆಎಂಎಸ್ (ಅಮೆಜಾನ್‌ನ ಕೀಲಿ ನಿರ್ವಹಣಾ ಸೇವೆ) ಕೀಲಿಯಿಂದ ಗೂಢಲಿಪೀಕರಿಸಿದ್ದರೆ ಆ ಕೀಲಿಯನ್ನು ಬಳಸುವ ‘ಡಿಕ್ರಿಪ್ಟ್’ ಅನುಮತಿಯೂ ಬೇಕು. ಎಲ್ಲವೂ ಸರಿಯಾಗಿದ್ದಂತೆ ಕಂಡರೂ ‘ಆಕ್ಸೆಸ್ ಡಿನೈಡ್’ ಎಂಬ ಉತ್ತರ ಬರುತ್ತಿದ್ದರೆ ಇದನ್ನು ಪರಿಶೀಲಿಸಿ. ಅಜೂರ್‌ನಲ್ಲಿ ಬರಿಯ ‘ರೀಡರ್’ ಪಾತ್ರ (ಸಿದ್ಧ ಅನುಮತಿಗಳ ಗುಂಪು) ಕೊಟ್ಟರೆ ಕಡತದೊಳಗಿನ ಮಾಹಿತಿ ಸಿಗದು, ‘ಸ್ಟೋರೇಜ್ ಬ್ಲಾಬ್ ಡೇಟಾ ರೀಡರ್’ ಕೊಡಬೇಕು. ಸೋಂಕಿತ ಕಡತವನ್ನು ಅಳಿಸುವ ಅಥವಾ ಬೇರೆಡೆಗೆ ಸರಿಸುವ ಹೊಣೆ ಸಾಧನದ್ದೇ ಆಗಿದ್ದರೆ ಮಾತ್ರ ಬರೆಯುವ, ಅಳಿಸುವ ಅನುಮತಿಗಳನ್ನು ಸೇರಿಸಿ.

ಸಾಧನವು ಬೆಂಬಲಿಸುವುದಾದರೆ ಶಾಶ್ವತ ಕೀಲಿಯ ಬದಲು ರೋಲ್ (ತಾತ್ಕಾಲಿಕ ಕೀಲಿ ಪಡೆದು ಬಳಸುವ, ಅನುಮತಿಗಳಿರುವ ಗುರುತು) ಕೊಡುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆಜಾನ್‌ನಲ್ಲಿ ರೋಲ್ ಮೂಲಕ ಪಡೆಯುವ ತಾತ್ಕಾಲಿಕ ಕೀಲಿಯ ಅವಧಿ ಸಾಮಾನ್ಯವಾಗಿ 1 ಗಂಟೆ. ಅದನ್ನು 15 ನಿಮಿಷದಿಂದ 12 ಗಂಟೆಯವರೆಗೆ ನಿಗದಿಪಡಿಸಬಹುದು. ಸಾಧನವು ಹೊರಗಿನ ಕಂಪನಿಯದಾಗಿದ್ದರೆ ಆ ಕಂಪನಿ ನಿಮಗೆಂದೇ ಕೊಡುವ ವಿಶಿಷ್ಟ ಗುರುತಾದ ಎಕ್ಸ್‌ಟರ್ನಲ್ ಐಡಿಯನ್ನು, ರೋಲ್ ಅನ್ನು ಯಾರು ಬಳಸಬಹುದೆಂದು ಹೇಳುವ ನಂಬಿಕೆಯ ನಿಯಮದಲ್ಲಿ ಷರತ್ತಾಗಿ ಬರೆಯಬೇಕು. ಅದೇ ಕಂಪನಿಯ ಮತ್ತೊಬ್ಬ ಗ್ರಾಹಕ ನಿಮ್ಮ ರೋಲ್‌ನ ವಿಳಾಸವನ್ನು ತನ್ನದೆಂದು ನಮೂದಿಸಿ, ಕಂಪನಿಯ ಮೂಲಕವೇ ನಿಮ್ಮ ಕಡತಗಳನ್ನು ತಲುಪುವುದನ್ನು ಈ ಷರತ್ತು ತಡೆಯುತ್ತದೆ.

ಕೀಲಿ ಕೊಡಲೇಬೇಕಾಗಿ ಬಂದರೆ ಅದನ್ನು ಇಮೇಲ್‌ನಲ್ಲಾಗಲಿ, ಪ್ರೋಗ್ರಾಮ್‌ನ ಕೋಡ್‌ನಲ್ಲಾಗಲಿ ಬರೆಯದೆ, ರಹಸ್ಯಗಳನ್ನು ಕಾಪಾಡುವ ಪ್ರತ್ಯೇಕ ಸೇವೆಯಲ್ಲಿಡಿ. ಜೋಡಣೆ ಮುಗಿದ ಮೇಲೆ ಅದೇ ಗುರುತಿನಿಂದ ಒಂದು ಕಡತವನ್ನು ಓದಿ ನೋಡಿ. ಅನಂತರ ಅನುಮತಿಯಿಲ್ಲದ ಬೇರೊಂದು ಬಕೆಟ್ ತೆರೆಯಲು ಯತ್ನಿಸಿ. ಎರಡನೆಯ ಯತ್ನ ವಿಫಲವಾಗಲೇಬೇಕು.

ಅಮೆಜಾನ್‌ನಲ್ಲಿ ಒಬ್ಬ ಬಳಕೆದಾರನಿಗೆ ಏಕಕಾಲಕ್ಕೆ 2 ಅಕ್ಸೆಸ್ ಕೀಗಳಿಗೆ ಅವಕಾಶವಿರುವುದರಿಂದ ಕೆಲಸ ನಿಲ್ಲಿಸದೆ ಕೀಲಿ ಬದಲಿಸಬಹುದು. ಹೊಸದನ್ನು ಸೃಷ್ಟಿಸಿ ಸಾಧನಕ್ಕೆ ಕೊಟ್ಟು, ಹಳೆಯದನ್ನು ಮೊದಲು ನಿಷ್ಕ್ರಿಯಗೊಳಿಸಿ, ಯಾವುದೂ ಕೆಟ್ಟಿಲ್ಲವೆಂದು ಖಚಿತವಾದ ಮೇಲಷ್ಟೇ ಅಳಿಸಿ.